ಹತ್ತು ಕೆಲಸ ಒಬ್ಬರದೇ ಆದಾಗ ಹುದ್ದೆಗೆ ಯಾವ ಹೆಸರು ಇಡಬೇಕು?

ಪ್ರಶ್ನೆ: ಯಂತ್ರಗಳ ಬಿಡಿಭಾಗ ಮಾರುವ, ಅರವತ್ತು ಜನರಿರುವ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಸೇರಿದ್ದು ಐಟಿ ಸಪೋರ್ಟ್‌ಗೆ. ಕಂಪ್ಯೂಟರ್, ಪ್ರಿಂಟರ್, ಪಾಸ್‌ವರ್ಡ್ ನೋಡಿಕೊಳ್ಳುತ್ತಿದ್ದೆ. ಮೂರು ವರ್ಷದ ನಂತರ ಸ್ಟಾಕ್ ಮತ್ತು ಆರ್ಡರ್‌ಗಾಗಿ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ. ಈಗ ಇಡೀ ಕಂಪನಿ ಅದರ ಮೇಲೇ ನಡೆಯುತ್ತಿದೆ. ಡೇಟಾಬೇಸ್, ಕ್ಲೌಡ್ ಸರ್ವರ್, ಬ್ಯಾಕಪ್, ವೆಬ್‌ಸೈಟ್, ಇಮೇಲ್, ತಿಂಗಳ ವರದಿಗಳು, ಸಾಫ್ಟ್‌ವೇರ್ ಮಾರುವವರ ಜೊತೆ ಮಾತುಕತೆ, ಎಲ್ಲವೂ ನನ್ನ ತಲೆ ಮೇಲೇ ಇವೆ. ಹೋದ ವರ್ಷದಿಂದ ಒಬ್ಬ ಜೂನಿಯರ್ ಇದ್ದಾನೆ. ಆದರೂ ದಿನದ ಅರ್ಧ ಭಾಗ ಪಾಸ್‌ವರ್ಡ್, ಪ್ರಿಂಟರ್‌ಗೇ ಹೋಗುತ್ತದೆ. ನನ್ನ ಹುದ್ದೆಯ ಹೆಸರು ಇವತ್ತಿಗೂ 'ಐಟಿ ಸಪೋರ್ಟ್'. ಮಾಲೀಕರು ಈಗ "ಯಾವ ಹೆಸರು ಬೇಕೋ ಹೇಳಿ, ಹಾಕೋಣ" ಎಂದಿದ್ದಾರೆ. ನಾನು ಬರೆದುಕೊಂಡವು ಇವು: ಫುಲ್‌ಸ್ಟ್ಯಾಕ್ ಡೆವಲಪರ್, ಡೆವ್‌ಆಪ್ಸ್ ಎಂಜಿನಿಯರ್, ಡೇಟಾ ಸೈಂಟಿಸ್ಟ್, ಸೊಲ್ಯೂಷನ್ಸ್ ಆರ್ಕಿಟೆಕ್ಟ್, ಟೆಕ್ನಾಲಜಿ ಜನರಲಿಸ್ಟ್, ಸಿಟಿಒ (ಚೀಫ್ ಟೆಕ್ನಾಲಜಿ ಆಫೀಸರ್). ಯಾವುದು ಸರಿ? ಒಂದೆರಡು ವರ್ಷದಲ್ಲಿ ಬೇರೆ ಕಡೆ ಕೆಲಸ ನೋಡುವ ಯೋಚನೆಯೂ ಇದೆ.

ಉತ್ತರ: ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. 'ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್, ಇಂಟರ್ನಲ್ ಸಿಸ್ಟಮ್ಸ್' ಎಂದು ಹಾಕಿಸಿಕೊಳ್ಳಿ. ಇದು ನಿಮ್ಮ ಪಟ್ಟಿಯಲ್ಲೇ ಇಲ್ಲ. ಒಂಬತ್ತು ವರ್ಷ ಕಾದು ಸಿಕ್ಕ ಅವಕಾಶಕ್ಕೆ ಸ್ವಲ್ಪ ಸಪ್ಪೆ ಅಂತಲೂ ಅನ್ನಿಸಬಹುದು. ಅದಕ್ಕೇ ಕಾರಣ ಬಿಡಿಸಿ ಹೇಳುತ್ತೇನೆ. ಒಪ್ಪಿಗೆಯಾಗದಿದ್ದರೆ ನಿಮ್ಮದೇ ಹೆಸರು ಆರಿಸಲು ದಾರಿಯಾದರೂ ಸಿಗುತ್ತದೆ.

ನಿಮ್ಮ ಪಟ್ಟಿ ನೋಡಿದರೆ, ಮಾಡುವ ಕೆಲಸವೆಲ್ಲ ಒಂದೇ ಹೆಸರಿನೊಳಗೆ ಬರಬೇಕು ಎಂದು ಹುಡುಕುತ್ತಿದ್ದೀರಿ ಅನ್ನಿಸುತ್ತದೆ. ನಾಲ್ಕಾರು ವಿದ್ಯೆ ಗೊತ್ತಿರುವವರೆಲ್ಲ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಡೆವಲಪರ್ ಅಂದರೆ ಸರ್ವರ್ ಹೊರಗುಳಿಯಿತು. ಅಡ್ಮಿನ್ ಅಂದರೆ ಕೋಡ್ ಹೊರಗುಳಿಯಿತು. ಕೊನೆಗೆ ಬೇಸತ್ತು, ಮಧ್ಯೆ ಗೀಟು ಎಳೆದು 'ಡೆವಲಪರ್ / ಅಡ್ಮಿನ್ / ಅನಲಿಸ್ಟ್' ಎಂದು ಬರೆದುಕೊಳ್ಳುತ್ತಾರೆ. ಬರೆದವರಿಗೆ ಅದು ಮೂರು ವಿದ್ಯೆಯಂತೆ ಕಾಣುತ್ತದೆ. ಓದಿದವರಿಗೆ ಮೂರು ಅರೆಬರೆ ಕೆಲಸದಂತೆ ಕಾಣುತ್ತದೆ.

ಹುದ್ದೆಯ ಹೆಸರು ಓದುವವರು ಯಾರು ಎಂದು ಯೋಚಿಸಿ. ನಿಮ್ಮ ಪಕ್ಕದ ಟೇಬಲ್‌ನವರಿಗೆ ಅದು ಬೇಡ, ಅವರಿಗೆ ನೀವು ಗೊತ್ತು. ಅದು ಬೇಕಿರುವುದು ನಿಮ್ಮನ್ನು ನೋಡಿರದವರಿಗೆ. ಬೇರೆ ಕಂಪನಿಯ ಎಚ್‌ಆರ್, ಇಮೇಲ್‌ನ ಕೊನೆಯ ಸಾಲು ನೋಡುವ ಗ್ರಾಹಕರು, ಕ್ಲೌಡ್ ಕಂಪನಿಯ ಸೇಲ್ಸ್‌ನವರು, ಹೊಸದಾಗಿ ಸೇರಿದ ಮ್ಯಾನೇಜರ್. ಇವರಿಗೆಲ್ಲ ಬೇಕಾದದ್ದು ಒಂದೇ ಮಾಹಿತಿ: ಯಾವ ತರಹದ ಸಮಸ್ಯೆ ಇದ್ದಾಗ ಈ ವ್ಯಕ್ತಿಯ ಹತ್ತಿರ ಹೋಗಬೇಕು? ಹೆಸರು ಅಷ್ಟು ತಿಳಿಸಿದರೆ ಸಾಕು. ಉಳಿದ ಒಂಬತ್ತು ವಿದ್ಯೆಗಳಿಗೆ ಬೇರೆ ಜಾಗ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಹತ್ತರಲ್ಲಿ ಯಾವ ಒಂದನ್ನು ಮುಂದಿಡಬೇಕು? ದಿನದ ಅರ್ಧ ಪ್ರಿಂಟರ್‌ಗೆ ಹೋಗುತ್ತದೆ ಎಂದಿದ್ದೀರಿ. ಗಂಟೆ ಲೆಕ್ಕ ಹಾಕಿದರೆ ಈಗಿನ ಹೆಸರೇ ಸರಿ ಎಂದಾಗುತ್ತದೆ. ಆದರೆ ಗಂಟೆ ಲೆಕ್ಕ ಇಲ್ಲಿ ತಪ್ಪು ಲೆಕ್ಕ. ಇದು ಬರೀ ನನ್ನ ಅಭಿಪ್ರಾಯವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜಗತ್ತಿನ ಉದ್ಯೋಗಗಳನ್ನೆಲ್ಲ ವಿಂಗಡಿಸಿ ಇಸ್ಕೋ-08 ಎಂಬ ಪಟ್ಟಿ ಮಾಡಿದೆ. ಅದರಲ್ಲಿ 436 ಚಿಕ್ಕ ಗುಂಪುಗಳಿವೆ. ನಿಮ್ಮ ಕೆಲಸಗಳು ಅದರಲ್ಲಿ ಚದುರಿ ಹೋಗಿವೆ. ಬಳಕೆದಾರರಿಗೆ ಸಹಾಯ ಮಾಡುವ ತಂತ್ರಜ್ಞರು 3512. ಸಾಫ್ಟ್‌ವೇರ್ ಡೆವಲಪರ್‌ಗಳು 2512. ಡೇಟಾಬೇಸ್ ನೋಡಿಕೊಳ್ಳುವವರು 2521. ಸಿಸ್ಟಮ್ ಅಡ್ಮಿನಿಸ್ಟ್ರೇಟರ್‌ಗಳು 2522. ಇಷ್ಟೂ ಕೆಲಸ ಒಬ್ಬರೇ ಮಾಡಿದರೆ ಏನು ಮಾಡಬೇಕು ಎಂಬ ಪ್ರಶ್ನೆ ಅವರಿಗೂ ಬಂದಿತ್ತು. ಅವರ ನಿಯಮ ಇದು: ಬೇರೆ ಬೇರೆ ಮಟ್ಟದ ಕೆಲಸಗಳು ಒಂದೇ ಹುದ್ದೆಯಲ್ಲಿ ಸೇರಿದ್ದರೆ, ಅತಿ ಹೆಚ್ಚು ಕೌಶಲ ಬೇಡುವ ಕೆಲಸ ಯಾವುದೋ ಅದರ ಗುಂಪಿಗೆ ಹುದ್ದೆಯನ್ನು ಸೇರಿಸಬೇಕು. ಆ ಪಟ್ಟಿಯಲ್ಲಿ 3ರಿಂದ ಶುರುವಾಗುವ ಸಂಖ್ಯೆ ಎಂದರೆ ತಂತ್ರಜ್ಞರು, 2ರಿಂದ ಶುರುವಾದರೆ ವೃತ್ತಿಪರರು. ಅಂದರೆ ಪ್ರಿಂಟರ್ ಎಷ್ಟೇ ಸತಾಯಿಸಲಿ, ನಿಮ್ಮ ಜಾಗ ಎರಡರ ಸಾಲಿನಲ್ಲಿ. ಐಟಿ ಸಪೋರ್ಟ್ ಎಂಬ ಹೆಸರು ನಿಮ್ಮನ್ನು ಆರು ವರ್ಷದಿಂದ ಒಂದು ಮೆಟ್ಟಿಲು ಕೆಳಗೇ ನಿಲ್ಲಿಸಿದೆ.

ಎರಡರ ಸಾಲಿನಲ್ಲಿ ಯಾವುದು ಎಂಬುದಕ್ಕೆ ಇನ್ನೊಂದು ಪರೀಕ್ಷೆ ಇದೆ. ನೀವು ನಾಳೆ ಕೆಲಸ ಬಿಟ್ಟರೆ ಮಾಲೀಕರು ಯಾವ ಜಾಹೀರಾತು ಕೊಡುತ್ತಾರೆ? ಸುಮ್ನೆ ಊಹಿಸಬೇಡಿ, ಕೂತು ಬರೆಯಿರಿ. ನೀವು ಕೊಟ್ಟ ವಿವರದಿಂದ ನಾನು ಬರೆದರೆ ಹೀಗೆ ಬರುತ್ತದೆ:

"ಸ್ಟಾಕ್ ಮತ್ತು ಆರ್ಡರ್ ನೋಡಿಕೊಳ್ಳುವ, ಕಂಪನಿಯಲ್ಲೇ ಬರೆದ ಪೈಥಾನ್ ಪ್ರೋಗ್ರಾಂ ಇದೆ. ಅದನ್ನು ಅರ್ಥ ಮಾಡಿಕೊಂಡು ಮುಂದುವರಿಸಬಲ್ಲವರು ಬೇಕು. ಡೇಟಾಬೇಸ್ ಚೆನ್ನಾಗಿ ಗೊತ್ತಿರಬೇಕು. ಕ್ಲೌಡ್ ಸರ್ವರ್, ಬ್ಯಾಕಪ್ ನೋಡಿಕೊಂಡ ಅನುಭವ ಇರಬೇಕು. ಗೋದಾಮಿನವರು, ಲೆಕ್ಕದವರು ಏನು ಕೇಳುತ್ತಿದ್ದಾರೆ ಎಂದು ತಿಳಿದುಕೊಂಡು ಕೆಲಸ ಮಾಡಬೇಕು."

ಇದರಲ್ಲಿ ಪ್ರಿಂಟರ್ ಎಲ್ಲಿದೆ? ಬರಲೇ ಇಲ್ಲ, ಅಲ್ವಾ? ಅದನ್ನು ಜೂನಿಯರ್ ಹೇಗೋ ಸಂಭಾಳಿಸುತ್ತಾನೆ ಎಂದು ಮಾಲೀಕರಿಗೂ ಗೊತ್ತು. ಅವರ ನಿದ್ದೆ ಕೆಡಿಸುವುದು ಆ ಪ್ರೋಗ್ರಾಂ. ಈ ಜಾಹೀರಾತಿನ ಮೇಲೆ ತಲೆಬರಹ ಹಾಕಿ ಎಂದರೆ ಹತ್ತರಲ್ಲಿ ಎಂಟು ಜನ 'ಸಾಫ್ಟ್‌ವೇರ್ ಎಂಜಿನಿಯರ್' ಅಥವಾ 'ಡೆವಲಪರ್' ಎಂದೇ ಹಾಕುತ್ತಾರೆ. ಹಾಗಾಗಿ ಹೆಸರಿನ ಮುಖ್ಯ ಪದ ಅದೇ ಆಗಬೇಕು. ಎಂಜಿನಿಯರ್, ಡೆವಲಪರ್ ಎರಡರ ನಡುವೆ ಈಗ ದೊಡ್ಡ ವ್ಯತ್ಯಾಸ ಉಳಿದಿಲ್ಲ. ಬರೀ ಕೋಡ್ ಬರೆಯದೆ ಅದನ್ನು ನಡೆಸುವ ಹೊಣೆಯೂ ನಿಮ್ಮದೇ ಆದ್ದರಿಂದ ಎಂಜಿನಿಯರ್ ಎಂದಿದ್ದೇನೆ.

ಈಗ ನಿಮ್ಮ ಪಟ್ಟಿಗೆ ಬರೋಣ. ಈ ಕ್ಷೇತ್ರದ ಹೆಸರುಗಳು ಬಹುತೇಕ ಯಾವುದೋ ಒಂದು ಕಡೆ, ಯಾವುದೋ ಒಂದು ನಿರ್ದಿಷ್ಟ ತೊಂದರೆಗೆ ಹುಟ್ಟಿಕೊಂಡವು. ಹೆಸರು ಹಾಕಿಕೊಂಡರೆ ಆ ತೊಂದರೆಯೂ ಜೊತೆಗೇ ಬರುತ್ತದೆ. ಇಂಟರ್‌ವ್ಯೂನಲ್ಲಿ ಕೇಳುವುದೂ ಅದರ ಬಗ್ಗೆಯೇ.

ಡೆವ್‌ಆಪ್ಸ್ ತೆಗೆದುಕೊಳ್ಳಿ. ಡೆವಲಪ್‌ಮೆಂಟ್, ಆಪರೇಷನ್ಸ್ ಎರಡೂ ಸೇರಿ ಆದ ಪದ. 2009ರ ಹೊತ್ತಿಗೆ ದೊಡ್ಡ ವೆಬ್ ಕಂಪನಿಗಳಲ್ಲಿ ಕೋಡ್ ಬರೆಯುವ ತಂಡ ಬೇರೆ, ಸರ್ವರ್ ನಡೆಸುವ ತಂಡ ಬೇರೆ ಇದ್ದವು. ಮೊದಲನೆಯವರಿಗೆ ದಿನಾ ಹೊಸದು ಹಾಕುವ ಆತುರ. ಎರಡನೆಯವರಿಗೆ ಏನೂ ಕೆಡಬಾರದು ಎಂಬ ಭಯ. ಆ ವರ್ಷ ಫೋಟೋ ಹಂಚಿಕೊಳ್ಳುವ ತಾಣ ಫ್ಲಿಕರ್‌ನ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಒಂದು ಸಮ್ಮೇಳನದಲ್ಲಿ ಮಾತಾಡಿ, ಎರಡೂ ತಂಡ ಕೈಜೋಡಿಸಿದರೆ ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸಲ ಹೊಸ ಕೋಡ್ ಹಾಕಬಹುದು ಎಂದು ತೋರಿಸಿದರು. ಅದೇ ವರ್ಷ ಬೆಲ್ಜಿಯಂನ ಗೆಂಟ್‌ನಲ್ಲಿ ಪ್ಯಾಟ್ರಿಕ್ ಡೆಬೋಯಿಸ್ 'ಡೆವ್‌ಆಪ್ಸ್‌ಡೇಸ್' ಎಂಬ ಸಮ್ಮೇಳನ ನಡೆಸಿದರು, ಹೆಸರು ಅಲ್ಲಿಂದ ನಿಂತಿತು. ಅಂದರೆ ಇದು ಎರಡು ತಂಡಗಳ ಜಗಳ ಬಿಡಿಸಲು ಬಂದ ಹೆಸರು. ಜಗಳಕ್ಕೆ ಇಬ್ಬರಾದರೂ ಬೇಕು. ನಿಮ್ಮಲ್ಲಿ ಎರಡೂ ತಂಡ ನೀವೇ. ಇವತ್ತು ಡೆವ್‌ಆಪ್ಸ್ ಎಂಜಿನಿಯರ್ ಬೇಕು ಎನ್ನುವವರು, ಇಪ್ಪತ್ತು ಮೂವತ್ತು ಡೆವಲಪರ್‌ಗಳ ಕೋಡ್ ತಾನಾಗಿ ಪರೀಕ್ಷೆಯಾಗಿ ಸರ್ವರ್ ತಲುಪುವ ಏರ್ಪಾಡನ್ನು ಕಟ್ಟಿದ್ದೀರಾ ಎಂದು ಕೇಳುತ್ತಾರೆ. ನಿಮ್ಮ ಬಲ ಅದಲ್ಲ. ನಿಮಗಿಂತ ಕಡಿಮೆ ಗೊತ್ತಿದ್ದರೂ ಅದೊಂದನ್ನೇ ನಾಲ್ಕು ವರ್ಷ ಮಾಡಿದವರು ಅಲ್ಲಿ ಗೆಲ್ಲುತ್ತಾರೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ಯಾರಾದರೂ ಸಲಹೆ ಕೊಟ್ಟೇ ಕೊಡುವ ಇನ್ನೊಂದು ಹೆಸರು 'ಸೈಟ್ ರಿಲಯಬಿಲಿಟಿ ಎಂಜಿನಿಯರ್'. 2003ರಲ್ಲಿ ಗೂಗಲ್‌ನಲ್ಲಿ ಬೆನ್ ಟ್ರೇನರ್ ಶುರು ಮಾಡಿದ ತಂಡದಿಂದ ಬಂದದ್ದು. ಆ ತಂಡದ ಒಂದು ನಿಯಮ ನನಗೆ ಬಹಳ ಇಷ್ಟ. ಸರ್ವರ್ ನೋಡಿಕೊಳ್ಳುವ ದಿನನಿತ್ಯದ ಕೆಲಸ ಸಮಯದ 50 ಶೇಕಡಾ ಮೀರಬಾರದು. ಉಳಿದ ಅರ್ಧ, ಆ ಕೆಲಸವೇ ಮತ್ತೆ ಬರದಂತೆ ಕೋಡ್ ಬರೆಯಲು ಮೀಸಲು. ಹೆಸರು ನಿಮಗೆ ಹೊಂದುವುದಿಲ್ಲ, ನಿಯಮ ಮಾತ್ರ ಚೆನ್ನಾಗಿ ಹೊಂದುತ್ತದೆ. ಮಾಲೀಕರ ಜೊತೆ ಮಾತಾಡುವಾಗ ಅದನ್ನು ನೆನಪಿಡಿ.

ಡೇಟಾ ಸೈಂಟಿಸ್ಟ್ ಬೇಡವೇ ಬೇಡ. 2008ರ ಸುಮಾರಿಗೆ ಲಿಂಕ್ಡ್‌ಇನ್‌ನ ಡಿ.ಜೆ. ಪಾಟೀಲ್, ಫೇಸ್‌ಬುಕ್‌ನ ಜೆಫ್ ಹ್ಯಾಮರ್‌ಬ್ಯಾಕರ್ ತಮ್ಮ ತಂಡಗಳಿಗೆ ಈ ಹೆಸರು ಹುಡುಕಿಕೊಂಡರು. ಕೋಟ್ಯಂತರ ಬಳಕೆದಾರರ ಡೇಟಾದಿಂದ ಮುಂದೇನಾಗಬಹುದು ಎಂದು ಹೇಳುವ ಕೆಲಸ ಅದು. ತಿಂಗಳ ಕೊನೆಗೆ ಯಾವ ಬಿಡಿಭಾಗ ಎಷ್ಟು ಮಾರಾಟವಾಯಿತು ಎಂಬ ವರದಿ ಉಪಯುಕ್ತವಾದದ್ದೇ. ಆದರೆ ಆ ಹೆಸರಿನಲ್ಲಿ ಇಂಟರ್‌ವ್ಯೂಗೆ ಹೋದರೆ ಮೊದಲ ಹತ್ತು ನಿಮಿಷದಲ್ಲೇ ಸಂಖ್ಯಾಶಾಸ್ತ್ರದ ಪ್ರಶ್ನೆ ಬರುತ್ತದೆ.

ಫುಲ್‌ಸ್ಟ್ಯಾಕ್ ಡೆವಲಪರ್ ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಹತ್ತಿರದ್ದು. ಬೇಕಾದರೆ ಇಟ್ಟುಕೊಳ್ಳಿ, ಜಗಳವಿಲ್ಲ. ನನ್ನ ತಕರಾರು ಎರಡು. ಒಂದು, 'ಫುಲ್' ಎಂದರೂ ಅದು ಪೂರ್ತಿ ಅಲ್ಲ. ವೆಬ್ ಪುಟದಿಂದ ಡೇಟಾಬೇಸ್‌ವರೆಗೆ ಮಾತ್ರ. ನಿಮ್ಮ ಬ್ಯಾಕಪ್, ಇಮೇಲ್, ಮಾರಾಟಗಾರರ ಜೊತೆಗಿನ ವ್ಯವಹಾರ ಅದರಲ್ಲಿ ಬರುವುದಿಲ್ಲ. ಎರಡು, ಆ ಹೆಸರು ಹಾಕಿಕೊಂಡವರ ಸಂತೆ ದೊಡ್ಡದು. ಅಲ್ಲಿ ಹೋಲಿಕೆ ನಡೆಯುವುದು ಯಾವ ಫ್ರೇಮ್‌ವರ್ಕ್ (ಕೋಡ್ ಬರೆಯಲು ಬಳಸುವ ಸಿದ್ಧ ಚೌಕಟ್ಟು) ಗೊತ್ತು, ಯಾವ ಆವೃತ್ತಿ ಗೊತ್ತು ಎಂಬುದರ ಮೇಲೆ. ನಿಮ್ಮ ನಿಜವಾದ ಸೊತ್ತು ಬೇರೆ. ಗೋದಾಮಿನಲ್ಲಿ ಮಾಲು ಹೇಗೆ ಓಡಾಡುತ್ತದೆ, ಆರ್ಡರ್ ಎಲ್ಲಿ ತಪ್ಪುತ್ತದೆ ಎಂದು ನೋಡಿ, ಅದಕ್ಕೆ ಸರಿಯಾದ ಸಾಫ್ಟ್‌ವೇರ್ ಕಟ್ಟಿದ್ದೀರಿ. 'ಇಂಟರ್ನಲ್ ಸಿಸ್ಟಮ್ಸ್' ಎಂಬ ಬಾಲಂಗೋಚಿ ಹೇಳುವುದು ಅದನ್ನೇ: ಕಂಪನಿಯ ಒಳಗೆ ಓಡುವ ವ್ಯವಸ್ಥೆಗಳನ್ನು ಕಟ್ಟಿ ನಡೆಸುವವರು. ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೇ ಪ್ರತ್ಯೇಕ ತಂಡ ಇರುತ್ತದೆ. ಅಲ್ಲಿ ನೀವು ಹೊಸಬರಲ್ಲ.

ಆರ್ಕಿಟೆಕ್ಟ್ ಎಂದರೆ, ಬೇರೆಯವರು ಕಟ್ಟುವುದಕ್ಕೆ ನಕ್ಷೆ ಹಾಕಿಕೊಡುವವರು. ನಕ್ಷೆಯೂ ನಿಮ್ಮದೇ, ಕಟ್ಟುವುದೂ ನೀವೇ ಆದಾಗ ಆ ಹೆಸರು ಭಾರ ಜಾಸ್ತಿ. ಅದರಲ್ಲೂ 'ಸೊಲ್ಯೂಷನ್ಸ್' ಸೇರಿದರೆ ಎಷ್ಟೋ ಕಡೆ ಸೇಲ್ಸ್ ತಂಡದ ಜೊತೆ ಗ್ರಾಹಕರ ಹತ್ತಿರ ಹೋಗಿ ವಿವರಿಸುವ ಕೆಲಸ ಅದು. ಹೋಗಿ ಸೇರಿದ ಮೇಲೆ ಗೊತ್ತಾದರೆ ಕಷ್ಟ.

ಜನರಲಿಸ್ಟ್ ಎಂಬುದು ನಿಜ, ಆದರೆ ಯಾರೂ ಹುಡುಕುವುದಿಲ್ಲ. ಮುಂದಕ್ಕೆ ಹೋಗೋಣ.

ಸಿಟಿಒ ಬಗ್ಗೆ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಕೇಳಿದರೆ ಮಾಲೀಕರು ಕೊಟ್ಟೇಬಿಡುತ್ತಾರೆ. ಅವರಿಗೆ ಖರ್ಚಿಲ್ಲ. ಕಂಪನಿಯಲ್ಲಿ ತಂತ್ರಜ್ಞಾನದ ವಿಷಯಕ್ಕೆ ಎಲ್ಲರಿಗಿಂತ ಮೇಲಿರುವವರು ನೀವೇ ಎಂಬುದೂ ಸುಳ್ಳಲ್ಲ. ಆದರೆ ಎರಡು ವರ್ಷದ ನಂತರ ಬೇರೆ ಕಡೆ ಅರ್ಜಿ ಹಾಕುವ ಗಳಿಗೆ ನೆನಸಿಕೊಳ್ಳಿ. ಸಿಟಿಒ ಹುದ್ದೆಗಳಿಗೆ ಹಾಕಿದರೆ ಎಷ್ಟು ಜನರ ತಂಡ ನಡೆಸಿದ್ದೀರಿ, ಬಜೆಟ್ ಎಷ್ಟಿತ್ತು, ಆಡಳಿತ ಮಂಡಳಿಗೆ ವರದಿ ಕೊಡುತ್ತಿದ್ದಿರಾ ಎಂದು ಕೇಳುತ್ತಾರೆ. ಉತ್ತರ: ಒಬ್ಬ ಜೂನಿಯರ್. ಎಂಜಿನಿಯರ್ ಹುದ್ದೆಗಳಿಗೆ ಹಾಕಿದರೆ 'ಸಿಟಿಒ ಆಗಿದ್ದವರು ಇಲ್ಲಿ ಕೋಡ್ ಬರೆಯುತ್ತಾರಾ, ನಾಲ್ಕು ತಿಂಗಳಿಗೆ ಬಿಟ್ಟು ಹೋಗುತ್ತಾರೆ' ಎಂದು ಪಕ್ಕಕ್ಕಿಡುತ್ತಾರೆ. ಮೇಲಿನ ಬಾಗಿಲೂ ಇಲ್ಲ, ಕೆಳಗಿನ ಬಾಗಿಲೂ ಇಲ್ಲ. ಮುಂದೆ ಸ್ವಂತ ಕಂಪನಿ ಶುರು ಮಾಡುವ ಯೋಚನೆ ಇದ್ದರೆ ಮಾತು ಬೇರೆ. ಆಗ ಬೇಕಾದ ಹೆಸರು ನೀವೇ ಇಟ್ಟುಕೊಳ್ಳುತ್ತೀರಿ.

ಹೆಸರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ, ಅಮೆರಿಕದ ಹೆಸರಾಂತ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಹೀಗಿರಲಿಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಅಲ್ಲಿ ಸಂಶೋಧಕರು, ಎಂಜಿನಿಯರ್‌ಗಳು ಬಹುತೇಕ ಎಲ್ಲರಿಗೂ 'ಮೆಂಬರ್ ಆಫ್ ಟೆಕ್ನಿಕಲ್ ಸ್ಟಾಫ್' ಎಂಬ ಒಂದೇ ಸಾದಾ ಹೆಸರಿತ್ತು. 1969ರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಶುರು ಮಾಡಿದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಕೆಲಸ ಮಾಡುತ್ತಿದ್ದುದು ಅಲ್ಲೇ. ನನಗೂ ಆ ಪದ್ಧತಿ ಇಷ್ಟ. ಆದರೆ ಅಲ್ಲಿ ಬೆಲ್ ಲ್ಯಾಬ್ಸ್ ಎಂಬ ಎರಡು ಪದವೇ ಎಲ್ಲ ಮಾತಾಡಿಬಿಡುತ್ತಿತ್ತು. ಹೊರಗಿನವರಿಗೆ ಗೊತ್ತಿಲ್ಲದ ಕಂಪನಿಯಲ್ಲಿ ಇರುವವರಿಗೆ ಆ ಅನುಕೂಲ ಇಲ್ಲ. ನಮ್ಮಂಥವರ ಹುದ್ದೆಯ ಹೆಸರೇ ಮಾತಾಡಬೇಕು.

ಇನ್ನು 'ಸೀನಿಯರ್'. ಇದನ್ನು ವರ್ಷದ ಲೆಕ್ಕದಲ್ಲಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಒಂದೇ ವರ್ಷದ ಕೆಲಸವನ್ನು ಒಂಬತ್ತು ಸಲ ಮಾಡಿದವರೂ ಇರುತ್ತಾರೆ. ಕಂಪನಿಗಳಲ್ಲೂ ಇದರ ಅಳತೆ ಒಂದೇ ತರಹ ಇಲ್ಲ. ನೆಟ್‌ಫ್ಲಿಕ್ಸ್ ಬಹಳ ವರ್ಷ ತನ್ನ ಸಾಫ್ಟ್‌ವೇರ್ ಎಂಜಿನಿಯರ್‌ಗಳನ್ನೆಲ್ಲ ಸೀನಿಯರ್ ಎಂದೇ ಕರೆಯುತ್ತಿತ್ತು, ಹಂತಗಳನ್ನು ತಂದದ್ದು 2022ರಲ್ಲಿ. ಅಳತೆ ಬೇಕಿದ್ದರೆ ಎಸ್‌ಎಫ್‌ಐಎ ಎಂಬ ಕೌಶಲ ಚೌಕಟ್ಟು ನೋಡಿ. 2000ದಿಂದ ಇದೆ. ಹೊಣೆಯನ್ನು ಏಳು ಹಂತ ಮಾಡಿದ್ದಾರೆ. ಕೆಳಗಿನ ಹಂತದವರು ಹೇಳಿದ್ದನ್ನು ಮಾಡುತ್ತಾರೆ. ಮೇಲೆ ಹೋದಂತೆ ಏನು ಮಾಡಬೇಕು ಎಂದು ತಾವೇ ನಿರ್ಧರಿಸುತ್ತಾರೆ, ಅದರ ಫಲಕ್ಕೂ ತಾವೇ ಜವಾಬು ಕೊಡುತ್ತಾರೆ. ಆ ಪ್ರೋಗ್ರಾಂ ಬೇಕು ಎಂದು ನಿಮಗೆ ಯಾರಾದರೂ ಹೇಳಿದ್ದರಾ, ನೀವೇ ಕಂಡುಕೊಂಡಿರಾ? ಅದು ನಿಂತರೆ ಕರೆ ಯಾರಿಗೆ ಬರುತ್ತದೆ? ಎರಡಕ್ಕೂ ಉತ್ತರ 'ನಾನೇ' ಆಗಿದ್ದರೆ ಸೀನಿಯರ್ ಎಂದು ಹಾಕಿಕೊಳ್ಳಲು ಹಿಂಜರಿಯಬೇಡಿ. ಒಂದು ಕೊರತೆ ಇದೆ. ನಿಮ್ಮ ಕೋಡನ್ನು ಬೇರೆ ಯಾರೂ ಓದಿಲ್ಲ, ಬೇರೆಯವರ ಕೋಡನ್ನು ನೀವು ಓದಿ ತಿದ್ದಿಲ್ಲ. ಇಂಟರ್‌ವ್ಯೂನಲ್ಲಿ ಇದನ್ನು ಕೇಳುತ್ತಾರೆ. ಈ ಒಂದೆರಡು ವರ್ಷದಲ್ಲಿ ಜೂನಿಯರ್‌ಗೆ ಸಣ್ಣ ಸಣ್ಣ ಭಾಗ ಬರೆಯಲು ಕೊಟ್ಟು, ನೀವು ತಿದ್ದಿಕೊಡಲು ಶುರು ಮಾಡಿ.

ಎಂಜಿನಿಯರ್ ಎಂಬ ಪದಕ್ಕೆ ಒಂದು ಎಚ್ಚರಿಕೆ. ಸಾಫ್ಟ್‌ವೇರ್‌ಗೆ ಈ ಪದ ಅಂಟಿಕೊಂಡು ಬಹಳ ಕಾಲವಾಯಿತು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಕರೆದ ಸಮ್ಮೇಳನಕ್ಕೆ 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂದೇ ಹೆಸರಿಟ್ಟಿದ್ದರು. ಆದರೂ ಕೆಲವು ಕಡೆ ಎಂಜಿನಿಯರ್ ಎಂದು ಕರೆದುಕೊಳ್ಳಲು ಪರವಾನಗಿ ಬೇಕು. ಕೆನಡಾದ ಪ್ರಾಂತ್ಯಗಳಲ್ಲಿ ಈ ಪದಕ್ಕೆ ಕಾನೂನಿನ ಕಾವಲಿದೆ. ಆಲ್ಬರ್ಟಾ ಪ್ರಾಂತ್ಯ 2023ರಲ್ಲಿ ಕಾನೂನು ತಿದ್ದಿ ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ವಿನಾಯಿತಿ ಕೊಟ್ಟಿತು. ಅಮೆರಿಕದ ಆರೆಗಾನ್‌ನಲ್ಲಿ ಮ್ಯಾಟ್ಸ್ ಯಾರ್ಲ್‌ಸ್ಟ್ರಾಮ್ ಎಂಬವರು ಟ್ರಾಫಿಕ್ ದೀಪದ ಲೆಕ್ಕ ತಪ್ಪು ಎಂದು ಪತ್ರ ಬರೆಯುವಾಗ ತಾನು ಎಂಜಿನಿಯರ್ ಎಂದದ್ದಕ್ಕೆ 500 ಡಾಲರ್ ದಂಡ ಬಿತ್ತು. ಅವರು ಎಲೆಕ್ಟ್ರಾನಿಕ್ಸ್ ಓದಿದವರೇ, ಪರವಾನಗಿ ಇರಲಿಲ್ಲ ಅಷ್ಟೇ. ಕೋರ್ಟಿಗೆ ಹೋಗಿ 2018ರಲ್ಲಿ ಗೆದ್ದರು. ನಿಮ್ಮ ಕಡೆ ಇಂಥ ಕಾನೂನು ಇದ್ದರೆ 'ಡೆವಲಪರ್' ಎಂದು ಬದಲಿಸಿ, ಬೇರೇನೂ ಕೆಡುವುದಿಲ್ಲ.

ಈಗ ಉಳಿದ ಒಂಬತ್ತು ವಿದ್ಯೆಗಳ ಜಾಗ. ಅದು ಹುದ್ದೆಯ ಹೆಸರಿನ ಕೆಳಗಿನ ಸಾಲು. ಹೆಸರು ಕಂಪನಿ ಕೊಟ್ಟದ್ದು, ಅದನ್ನು ಇದ್ದಂತೆಯೇ ಬರೆಯಬೇಕು. ಕೆಳಗಿನ ಸಾಲು ನಿಮ್ಮದು. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಸ್ವಂತ ಹೆಸರಿನ ಕೆಳಗೆ 220 ಅಕ್ಷರದ ಜಾಗ ಇದೆ. ಬಹಳ ಜನ ಅಲ್ಲಿ ತಂತ್ರಾಂಶಗಳ ಹೆಸರನ್ನು ಸಾಲಾಗಿ ಸುರಿಯುತ್ತಾರೆ. ನೀವು ಹೀಗೆ ಬರೆಯಬಹುದು: "ಸ್ಟಾಕ್, ಆರ್ಡರ್ ವ್ಯವಸ್ಥೆಗಳನ್ನು ಕಟ್ಟುವುದು, ನಡೆಸುವುದು ಎರಡೂ. ಪೈಥಾನ್, ಡೇಟಾಬೇಸ್, ಕ್ಲೌಡ್." ಅಷ್ಟೇ. ಇಮೇಲ್ ಇದರಲ್ಲಿ ಇಲ್ಲ, ಪ್ರಿಂಟರ್ ಮೊದಲೇ ಇಲ್ಲ. ಬಿಟ್ಟರೆ ನಷ್ಟವೇನೂ ಇಲ್ಲ.

ರೆಸ್ಯೂಮೆಯಲ್ಲಿ ಇನ್ನೊಂದು ತೊಡಕಿದೆ. ಹಿಂದಿನ ಒಂಬತ್ತು ವರ್ಷ ಕಾಗದದ ಮೇಲೆ ನೀವು ಐಟಿ ಸಪೋರ್ಟ್. ಹೊಸ ಹೆಸರು ಬಂದ ಮೇಲೆ ಒಂಬತ್ತೂ ವರ್ಷ ಸೀನಿಯರ್ ಎಂಜಿನಿಯರ್ ಎಂದು ಬರೆಯುವ ಆಸೆ ಬರುತ್ತದೆ. ಬೇಡ. ಹೊಸ ಕಂಪನಿ ಹಿಂದಿನ ಕಂಪನಿಗೆ ಫೋನ್ ಮಾಡಿ ಹುದ್ದೆ ಮತ್ತು ದಿನಾಂಕ ಕೇಳುವುದು ಮಾಮೂಲು. ಅಲ್ಲಿ ತಾಳೆಯಾಗದಿದ್ದರೆ ಎಲ್ಲ ಮುಗಿದ ಮೇಲೂ ಆಫರ್ ವಾಪಸ್ ಹೋಗಬಹುದು. ಎರಡು ಭಾಗ ಮಾಡಿ. ಮೇಲೆ ಹೊಸ ಹೆಸರು, ಅದು ಬಂದ ತಿಂಗಳಿಂದ. ಕೆಳಗೆ ಹಳೆಯ ಹೆಸರು. ಹಳೆಯದರ ಕೆಳಗೆ ಮೊದಲ ಸಾಲೇ ಹೀಗಿರಲಿ: "ನಾಲ್ಕನೇ ವರ್ಷದಿಂದ ಮುಖ್ಯ ಕೆಲಸ ಸಾಫ್ಟ್‌ವೇರ್: ಅರವತ್ತು ಜನ ದಿನಾ ಬಳಸುವ ಸ್ಟಾಕ್-ಆರ್ಡರ್ ವ್ಯವಸ್ಥೆಯನ್ನು ಒಬ್ಬರೇ ಕಟ್ಟಿ ಆರು ವರ್ಷ ನಡೆಸಿದ್ದು." ಹೆಸರು ಚಿಕ್ಕದು, ಕೆಲಸ ದೊಡ್ಡದು ಎಂದು ಓದುವವರಿಗೇ ಗೊತ್ತಾಗುತ್ತದೆ. ಉಲ್ಟಾ ಆಗುವುದಕ್ಕಿಂತ ಇದು ಎಷ್ಟೋ ವಾಸಿ.

ನಿರ್ಧಾರ ಮಾಡುವ ಮುಂಚೆ ಒಂದು ಸಂಜೆ ಖರ್ಚು ಮಾಡಿ. ಕೆಲಸದ ಜಾಹೀರಾತು ಬರುವ ಕಡೆ ಈ ಹೆಸರು ಹಾಕಿ ಹುಡುಕಿ, ಇಪ್ಪತ್ತು ಜಾಹೀರಾತು ಓದಿ. ಕೇಳಿದ್ದರಲ್ಲಿ ಮುಕ್ಕಾಲು ಭಾಗ ನೀವು ಈಗಾಗಲೇ ಮಾಡುತ್ತಿದ್ದರೆ ಹೆಸರು ಸರಿ. ಅರ್ಧವೂ ಇಲ್ಲದಿದ್ದರೆ ಬದಲಿಸಿ. ಓದುತ್ತಾ ಹೋದಂತೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಯಾವ ಜಾಹೀರಾತು ಓದಿದಾಗ 'ಇದು ಮಾಡಬೇಕು' ಅನ್ನಿಸಿತು, ಯಾವುದು ಓದಿದಾಗ ಆಕಳಿಕೆ ಬಂತು? ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಯಾವ ಹೆಸರು ಹಾಕಿಕೊಳ್ಳುತ್ತೀರೋ ಆ ಕೆಲಸವೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಕೋಡ್‌ಗಿಂತ ಸರ್ವರ್ ಕೆಲಸವೇ ಇಷ್ಟ ಎಂದಾದರೆ 'ಸೀನಿಯರ್ ಸಿಸ್ಟಮ್ಸ್ ಅಡ್ಮಿನಿಸ್ಟ್ರೇಟರ್' ಎಂದೇ ಹಾಕಿಸಿಕೊಳ್ಳಿ. ಜನರ ಜೊತೆ ಕೆಲಸ, ಮಾರಾಟಗಾರರ ಜೊತೆ ಚೌಕಾಸಿ ಇಷ್ಟವಾದರೆ 'ಐಟಿ ಮ್ಯಾನೇಜರ್' ತಪ್ಪಲ್ಲ. ಆದರೆ ಎರಡು ವರ್ಷದಲ್ಲಿ ಕೋಡ್ ಬರೆಯುವ ಕೈ ತುಕ್ಕು ಹಿಡಿಯುತ್ತದೆ. ನಿಮ್ಮ ಪತ್ರದಲ್ಲಿ ಪ್ರಿಂಟರ್, ಪಾಸ್‌ವರ್ಡ್ ಗೋಳು ಬಿಟ್ಟರೆ ಬೇರೆಲ್ಲ ಕೆಲಸ ಒಂದೇ ಸಾಲಿನಲ್ಲಿ ಬಂದಿವೆ. ಆ ಪ್ರೋಗ್ರಾಂ ಒಂದಕ್ಕೆ ಮಾತ್ರ ಎರಡು ವಾಕ್ಯ ಸಿಕ್ಕಿದೆ. ಅದನ್ನು ನೋಡಿಯೇ ನಾನು ಸಾಫ್ಟ್‌ವೇರ್ ಎಂದು ಊಹಿಸಿದ್ದು.

ಮಾಲೀಕರ ಹತ್ತಿರ ಮಾತಾಡುವಾಗ ಮೂರು ವಿಷಯ ಕೇಳಿ. ಹೆಸರು ಬದಲಾದದ್ದಕ್ಕೆ ದಿನಾಂಕ ಇರುವ ಪತ್ರ ಬೇಕು. ಕಾರ್ಡ್ ಮೇಲೆ ಬಂದರೆ ಸಾಲದು, ಸಂಬಳದ ದಾಖಲೆಯಲ್ಲೂ ಬದಲಾಗಬೇಕು. ಪತ್ರದಲ್ಲಿ ಹೊಣೆಗಳು ನಾಲ್ಕು ಸಾಲಿನಲ್ಲಿ ಇರಬೇಕು. ಅವರಿಗೆ ಬರೆಯಲು ಪುರುಸೊತ್ತು ಇರುವುದಿಲ್ಲ. ಮೇಲೆ ಮಾಡಿದ ಜಾಹೀರಾತನ್ನೇ ಸ್ವಲ್ಪ ತಿದ್ದಿ ನೀವೇ ಒಯ್ಯಿರಿ. ಮೂರನೆಯದು ಸಂಬಳ. ಹೆಸರನ್ನು ಸಂಬಳದ ಬದಲಿಗೆ ಕೊಡುತ್ತಿದ್ದಾರಾ ಎಂದು ಗಮನಿಸಿ. "ಹೆಸರು ಈಗ ಸರಿ ಮಾಡೋಣ, ಸಂಬಳದ ಮಾತು ಯಾವಾಗ ಆಡೋಣ?" ಎಂದು ಕೇಳಿ ಒಂದು ತಿಂಗಳು ಗೊತ್ತು ಮಾಡಿಸಿಕೊಳ್ಳಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ ಆ ಪ್ರಿಂಟರ್. ನಿಮ್ಮ ಹೆಸರು ಬದಲಾದ ಮರುದಿನವೂ ಎಲ್ಲರೂ ಪಾಸ್‌ವರ್ಡ್ ಮರೆತು ನಿಮ್ಮ ಹತ್ತಿರವೇ ಬರುತ್ತಾರೆ. ಅಭ್ಯಾಸ ಹಾಗೆ. ಅದಕ್ಕೆ ಅದೇ ದಿನ, ಅದೇ ಪತ್ರದಲ್ಲಿ, ಜೂನಿಯರ್‌ಗೂ ಒಂದು ಹೆಸರು ಕೊಡಿಸಿ: 'ಐಟಿ ಸಪೋರ್ಟ್ ಸ್ಪೆಷಲಿಸ್ಟ್'. ಎಲ್ಲರಿಗೂ ಹೋಗುವ ಇಮೇಲ್‌ನಲ್ಲಿ ಇಬ್ಬರ ಹೆಸರೂ ಇರಲಿ. ಕಂಪ್ಯೂಟರ್, ಪ್ರಿಂಟರ್, ಪಾಸ್‌ವರ್ಡ್ ತೊಂದರೆಗೆ ಮೊದಲು ಅವನನ್ನು ಕೇಳಿ, ಅವನಿಂದ ಆಗದಿದ್ದರೆ ಅವನೇ ನನಗೆ ತಲುಪಿಸುತ್ತಾನೆ ಎಂದು ಸ್ಪಷ್ಟವಾಗಿ ಬರೆಯಿರಿ. ನಿಮ್ಮ ಮೇಜಿನ ಹತ್ತಿರ ಬಂದವರನ್ನು ಮೊದಲ ಎರಡು ವಾರ ನಗುನಗುತ್ತಾ ಅವನ ಕಡೆ ಕಳಿಸಿ. ಗೂಗಲ್‌ನವರ ಆ ಅರ್ಧ-ಅರ್ಧ ನಿಯಮ ಮಾಲೀಕರಿಗೆ ಹೇಳಬೇಕಾದದ್ದು ಇದೇ ಸಂದರ್ಭದಲ್ಲಿ. ದಿನದ ಅರ್ಧವಾದರೂ ಪ್ರೋಗ್ರಾಂಗೆ ಸಿಕ್ಕರೆ, ಗೋದಾಮಿನವರು ವರ್ಷದಿಂದ ಕೇಳುತ್ತಿರುವ ಬದಲಾವಣೆ ಯಾವುದಾದರೂ ಬಾಕಿ ಇದ್ದೇ ಇರುತ್ತದೆ, ಮೊದಲು ಅದನ್ನು ಮಾಡಿ ತೋರಿಸಿ.